ಮಾಸ್ಕಿನೊಳಗಿನ ಸಿಟ್ಟು

ನಿಜ ಹೇಳಬೇಕೆಂದರೆ ನಾನು ಸಿಟ್ಟಿನ ಮನುಷ್ಯನೇ ಅಲ್ಲ. ಕಲಬುರಗಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೇನೆ. ಪ್ರಿನ್ಸಿಪಾಲರು ಬೈದರೆ "ಆಯ್ತ್ರಿ ಸರ್" ಎನ್ನುತ್ತೇನೆ, ಜವಾನ ಬೈದರೂ ಹೆಚ್ಚುಕಡಿಮೆ ಅದನ್ನೇ ಎನ್ನುತ್ತೇನೆ. ಕೋಟನೂರಿನ ನಮ್ಮ ಓಣಿಯ ನಾಯಿಗಳಿಗೂ ನನ್ನ ಸ್ವಭಾವ ಗೊತ್ತು, ನಾನು ಬಂದರೆ ಅವು ದಾರಿ ಬಿಡುವುದಿಲ್ಲ, ನಾನೇ ಸುತ್ತಿಕೊಂಡು ಹೋಗುತ್ತೇನೆ. ಆದರೆ ಹೆಂಡತಿಯ ತವರೂರು ಕಮಲಾಪುರದಲ್ಲಿ ಒಂದು ಮದುವೆಯೋ ತೊಟ್ಟಿಲೋ ಜಾವಳವೋ ಇದ್ದರೆ ಮಾತ್ರ ನನಗೆ ಸಿಟ್ಟು ಬರಲೇಬೇಕು. ಅದು ಸ್ವಭಾವವಲ್ಲ, ಹುದ್ದೆ. ನಾನು ಆ ಮನೆಯ ಹಿರಿಯ ಅಳಿಯ.

ಅಳಿಯನ ಸಿಟ್ಟಿಗೂ ಒಂದು ಪದ್ಧತಿ ಇದೆ. ಕಾರಣ ಸಣ್ಣದಿರಬೇಕು. ದೊಡ್ಡ ಕಾರಣಕ್ಕೆ ಸಿಟ್ಟಾದರೆ ಅದು ಜಗಳವಾಗುತ್ತದೆ, ಸಂಬಂಧ ಕೆಡುತ್ತದೆ. ಭಾವಮೈದುನನ ಮದುವೆಯಲ್ಲಿ ಆಯೇರಿಯ ಉಡುಗೊರೆಯಾಗಿ ಕೊಟ್ಟ ಅಂಗಿಬಟ್ಟೆಯ ಬಣ್ಣ ಪಕ್ಕದ ಮನೆಯವರಿಗೆ ಕೊಟ್ಟ ಬಟ್ಟೆಯ ಬಣ್ಣದ್ದೇ ಆಗಿತ್ತು, ಅಷ್ಟು ಸಾಕಾಯಿತು. ಕಾರಣ ಸಿಕ್ಕ ಮೇಲೆ ಊಟದ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಕಾಣುವ, ಆದರೆ ಮರೆಯಲ್ಲಿದ್ದಂತೆ ತೋರುವ ಒಂದು ಜಾಗದಲ್ಲಿ ಮುಖ ಊದಿಸಿಕೊಂಡು ಕೂಡಬೇಕು. ಮಾತಾಡಬಾರದು. ಊಟ ಮಾಡಬಾರದು. ಮೊದಲು ಮಕ್ಕಳು ಬಂದು ಕರೆಯುತ್ತವೆ, ಆಮೇಲೆ ಅತ್ತೆ ಬಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಕೊನೆಗೆ ಮಾವ ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಳ್ಳುತ್ತ ಬಂದು, "ಏಳ್ರಿ ಅಳಿಯಂದ್ರ, ನಮ್ಮದು ತಪ್ಪಾಯ್ತು" ಎನ್ನಬೇಕು. ಯಾವ ತಪ್ಪು ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಏಳುತ್ತೇನೆ. ಆಗ ಬಡಿಸುವ ತುಪ್ಪದ ಧಾರೆಯೇ ಬೇರೆ.

ಹೀಗೆ ಹದಿನೈದು ವರ್ಷ ಸಾಂಗವಾಗಿ ನಡೆದುಕೊಂಡು ಬಂದಿತ್ತು. ಅಷ್ಟರಲ್ಲಿ ಕರೋನಾ ಬಂತು. ಲಾಕ್‌ಡೌನ್ ಆಗುವ ಮೂರು ದಿನ ಮೊದಲು ನನ್ನ ಹೆಂಡತಿ ಜಗದೇವಿ "ನಾಕು ದಿನ ಇದ್ದು ಬರ್ತೀನಿ" ಎಂದು ಮಕ್ಕಳನ್ನು ಕಟ್ಟಿಕೊಂಡು ಕಮಲಾಪುರಕ್ಕೆ ಹೋದವಳು ಅಲ್ಲೇ ಉಳಿದಳು. ನಾನು ಇಲ್ಲೇ ಉಳಿದೆ. ಎರಡು ತಿಂಗಳು ನಾನು ಮಾಡಿದ ಅಡಿಗೆಯನ್ನು ನಾನೇ ಉಂಡೆ. ಇದಕ್ಕಿಂತ ಹೆಚ್ಚಿನ ವಿವರ ಕೊಡಲಾರೆ. ಒಂದು ದಿನ ಬದನೆಕಾಯಿ ತರುವ ನೆಪದಲ್ಲಿ ಜಗತ್ ಸರ್ಕಲ್‌ವರೆಗೆ ನಡೆದೆ. ಎಂದೂ ದಾಟಲು ಆಗದಿದ್ದ ರಸ್ತೆ ಅಂಗಳದ ಹಾಗೆ ಬಿದ್ದುಕೊಂಡಿತ್ತು. ಒಂದು ಎಮ್ಮೆ ನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ಹಳೆಯ ರೂಢಿಯಂತೆ ನಾನು ಎಡಕ್ಕೂ ಬಲಕ್ಕೂ ನೋಡುತ್ತ ನಿಂತೆ. ಪೊಲೀಸಪ್ಪ ದೂರದಿಂದಲೇ ಲಾಠಿ ಎತ್ತಿ, "ಏನ್ ನೋಡ್ಲಾಕತ್ತೀರಿ?" ಎಂದ. "ಗಾಡಿ ಬರ್ತಾವೇನೋ ಅಂತ ನೋಡ್ಲಾಕತ್ತೀನ್ರಿ" ಎಂದೆ. ಅವನಿಗೆ ನನ್ನ ಮೇಲೆ ಮರುಕ ಹುಟ್ಟಿರಬೇಕು, ಹೊಡೆಯಲಿಲ್ಲ.

ಇಂಥ ಹೊತ್ತಿನಲ್ಲಿ ಕಿರಿಯ ನಾದಿನಿ ಅಂಬಿಕಾಳ ಮದುವೆಯ ದಿನ ನಿಕ್ಕಿಯಾಯಿತು. ಲಾಕ್‌ಡೌನಿನಿಂದ ಎರಡು ಸಲ ಮುಂದೆ ಹೋದ ಮದುವೆ. ಮೂರನೆಯ ಸಲವೂ ತಪ್ಪಿದರೆ ಗಂಡಿನವರು ಬೇರೆ ಕಡೆ ನೋಡುತ್ತಾರೆಂಬ ಸುದ್ದಿ ಇತ್ತು, ಹಾಗಾಗಿ ಮಾವ ಮನೆಗೆ ಹೊಂದಿಕೊಂಡ ಬಾಳೆಯ ತೋಟದಲ್ಲೇ ಚಪ್ಪರ ಹಾಕಿಸಿದ್ದರು. ಸರಕಾರ ಐವತ್ತು ಮಂದಿಗೆ ಮಾತ್ರ ಅನುಮತಿ ಕೊಟ್ಟಿತ್ತು. ಐವತ್ತು ಹೆಸರಿನ ಪಟ್ಟಿ ನನ್ನ ಮೊಬೈಲಿಗೆ ಬಂತು. ನಾನು ಸಹಜವಾಗಿಯೇ ಮೇಲಿನಿಂದ ಓದುತ್ತ ಹೋದೆ. ಓದುತ್ತ ಓದುತ್ತ ಹಾಳೆ ಮುಗಿಯುವುದಕ್ಕೆ ಬಂದರೂ ನಾನು ಸಿಗಲೊಲ್ಲೆ. ನಲವತ್ತೊಂಬತ್ತನೆಯವನಾಗಿ ಸಿಕ್ಕೆ. ಐವತ್ತನೆಯವನು ಫೋಟೋದವನು. ನಲವತ್ತೆಂಟನೆಯವನು ಬೋರಿನ ಮೋಟರ್ ರಿಪೇರಿ ಮಾಡುವವನು!

ತಕ್ಷಣ ಜಗದೇವಿಗೆ ಫೋನು ಮಾಡಿದೆ. "ಮೋಟರಿನವನಿಗಿಂತ ನಾ ಕಡಿಮಿ ಏನು?" ಎಂದು ಕೇಳಿದೆ.

"ಮೋಟರ್ ನಿಂತ್ರ ಮದುವಿಗಿ ನೀರಿರಲ್ಲರೀ," ಎಂದಳು ಅವಳು. "ನೀವು ನಿಂತ್ರ ಏನಾಗ್ತದ?"

ನಾನು ಫೋನು ಇಟ್ಟೆ. ನನಗೆ ದುಃಖವಾಯಿತೆಂದು ತಿಳಿಯಬೇಡಿ. ಒಳಗೊಳಗೇ ಖುಷಿಯಾಯಿತು. ಇಷ್ಟು ಚೆನ್ನಾದ ಕಾರಣ ನನಗೆ ಹಿಂದೆ ಯಾವ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಪಾಸು ಹಿಡಿದುಕೊಂಡು, ಕಲಬುರಗಿಯಲ್ಲಿ ಕೆಂಪು ಬಾಳೆ ಇಳಿಸಿ ಮರಳುತ್ತಿದ್ದ ಟೆಂಪೋದ ಹಿಂಭಾಗದಲ್ಲಿ ಖಾಲಿ ಕ್ರೇಟುಗಳ ನಡುವೆ ಕುಳಿತು ಹೊರಟೆ. ನಮ್ಮ ಬಿಸಿಲು ಗೊತ್ತಲ್ಲ, ಕಮಲಾಪುರ ಮುಟ್ಟುವಷ್ಟರಲ್ಲಿ ತಲೆ ಕಾದ ಹಂಚಾಗಿತ್ತು. ತೋಟದ ಬಾಗಿಲಲ್ಲೇ ಆಶಾ ಕಾರ್ಯಕರ್ತೆ ಕಾಶಿಬಾಯಿ ಪಿಸ್ತೂಲಿನಂಥ ಉಷ್ಣಮಾಪಕ ಹಿಡಿದು ನಿಂತಿದ್ದಳು. ಹಣೆಗೆ ಗುರಿಯಿಟ್ಟಳು. ಅದು ಕೀಂ ಕೀಂ ಎಂದು ಕೂಗಿತು. ನಾನು ಹೆದರಿದೆ. ಅವಳು ಹೆದರಲಿಲ್ಲ, "ಮುಂಜಾನಿಂದ ಎಲ್ಲಾರಿಗೂ ಜ್ವರಾನೇ ತೋರಿಸ್ಲಾಕತ್ತದ್ರಿ ಇದು" ಎಂದು ಪಕ್ಕದ ಬಾಳೆಗೊನೆಗೆ ಹಿಡಿದಳು. ಗೊನೆಗೂ ಜ್ವರವಿತ್ತು. "ಮಷಿನ್ ನಂಬೂದಿಲ್ಲ ನಾ. ಲಕ್ಷಣ ನೋಡ್ತೀನಿ" ಎಂದು ನನ್ನನ್ನು ಒಳಗೆ ಬಿಟ್ಟಳು. ಬಿಡುವ ಮುಂಚೆ, "ಸರ್ ಶಹರದಿಂದ ಬಂದಾರ್ರೀ, ಜರಾ ದೂರ ಕೂಡಸ್ರಿ" ಎಂದು ಕೂಗಿ ಹೇಳಿದಳು. ದೇಶದ ಮೊದಲ ಕರೋನಾ ಸಾವು ಆಗಿದ್ದ ನಮ್ಮ ಕಲಬುರಗಿಯ ಹೆಸರು ಹೇಳಿದರೆ ಸಾಕು, ಸುತ್ತಲಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ ಕಾಲ.

ನನಗಾಗಿ ಚಪ್ಪರದ ತುದಿಯಲ್ಲಿ ಒಂದು ಕುರ್ಚಿ ಹಾಕಿ, ಸುತ್ತಲೂ ಸುಣ್ಣದ ಪುಡಿಯಿಂದ ದುಂಡಗೆ ಗೆರೆ ಎಳೆದಿದ್ದರು. ಕುಳಿತು ನೋಡಿದೆ. ಎಲ್ಲರಿಗೂ ಕಾಣುತ್ತದೆ, ಮರೆಯಲ್ಲೂ ಇದೆ. ಇಂಥ ಜಾಗವನ್ನು ನಾನೇ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಮುಹೂರ್ತ ಹನ್ನೆರಡೂವರೆಗೆ. ಜನ ಗುಂಪಾಗಬಾರದೆಂದು ಹತ್ತತ್ತು ಮಂದಿಗೆ ಊಟ ಮೊದಲೇ ಶುರುವಾಗಿತ್ತು. ನಾನು ಕೈಕಟ್ಟಿಕೊಂಡು, ಮುಖ ಊದಿಸಿ, ಸಿಟ್ಟಿಗೆ ಕುಳಿತೆ.

ಕಾಲು ಗಂಟೆಯಾಯಿತು. ಯಾರೂ ಬರಲಿಲ್ಲ. ಗಲ್ಲ ಇನ್ನಷ್ಟು ಉಬ್ಬಿಸಿದೆ. ಆಗ ನೆನಪಾಯಿತು, ಮುಖದ ಮೇಲೆ ಮಾಸ್ಕ್ ಇದೆ! ಕಣ್ಣಿನ ಕೆಳಗೆ ನಾನು ಏನೇ ಮಾಡಿದರೂ ಲೋಕಕ್ಕೆ ಕಾಣುವುದಿಲ್ಲ. ಹದಿನೈದು ವರ್ಷದ ಸಾಧನೆಯೆಲ್ಲ ಒಂದು ಗೇಣು ಬಟ್ಟೆಯ ಹಿಂದೆ ಮುಚ್ಚಿಹೋಗಿತ್ತು. ಮಾಸ್ಕ್ ತೆಗೆಯೋಣವೆಂದರೆ ಕಾಶಿಬಾಯಿಯ ಕಣ್ಣು ನನ್ನ ಮೇಲೆಯೇ ಇತ್ತು. ಸಾಲದ್ದಕ್ಕೆ ಅವಳು ಎಲ್ಲರಿಗೂ ನನ್ನನ್ನು ತೋರಿಸಿ, "ನೋಡ್ರಿ, ಸರ್ ಹ್ಯಾಂಗ ಸುಮ್ಮಕ ಕುಂತಾರ. ಹಾಂಗ ಕೂಡಬೇಕು ಎಲ್ಲಾರೂ" ಎಂದಳು. ಸಿಟ್ಟಾದ ಅಳಿಯನನ್ನು ಮಾದರಿ ನಾಗರಿಕ ಎಂದು ಹೊಗಳಿದರೆ ಅವನು ಎಲ್ಲಿಗೆ ಹೋಗಬೇಕು?

ಉಳಿದದ್ದು ಒಂದೇ ಅಸ್ತ್ರ, ಊಟ ಬಿಡುವುದು. ಯಾರೋ ಒಂದು ತಾಟು ತಂದು ಗೆರೆಯ ಅಂಚಿನಲ್ಲಿಟ್ಟು ಓಡಿದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಹಪ್ಪಳ. ಎರಡು ತಿಂಗಳು ನನ್ನ ಕೈಯಡಿಗೆ ಉಂಡವನು ನಾನು, ಹೊಟ್ಟೆ ಒಳಗಿನಿಂದ ಹೆಸರು ಹಿಡಿದು ಕೂಗಿತು. ಆದರೂ ಕಾಲಿನಿಂದ ಕುರ್ಚಿಯನ್ನು ಆ ಕಡೆ ತಿರುಗಿಸಿ ಕುಳಿತೆ. ಇದು ಕೆಲಸ ಮಾಡಿತು. ಹಿಂದೆ ಗುಸುಗುಸು ಶುರುವಾಯಿತು. "ಊಟ ಒಲ್ಲೆ ಅಂದಾರ." "ಮಾತೂ ಆಡವಲ್ರು." "ಆಗಲೇ ನೋಡೀನಿ, ಕಣ್ಣು ಹ್ಯಾಂಗ ಕೆಂಪಾಗ್ಯಾವ." ಓರೆಗಣ್ಣಿನಿಂದ ನೋಡಿದರೆ ಮಂದಿ ನನ್ನಿಂದ ದೂರ ದೂರ ಸರಿಯುತ್ತಿದ್ದರು. ಹಿಂದೆ ಯಾವ ಮದುವೆಯಲ್ಲೂ ನನ್ನ ಸಿಟ್ಟಿಗೆ ಇಷ್ಟು ಜನ ಹೆದರಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಮಾವ ಬಂದರು. ಎಪ್ಪತ್ತು ದಾಟಿದ ಜೀವ, ಕೈಯಲ್ಲಿ ತಾಟು ಹಿಡಿದು ಬರುತ್ತಿದ್ದರೆ ಹಿಂದಿನಿಂದ ಎಲ್ಲರೂ "ಬ್ಯಾಡ್ರಿ, ಹೋಗಬ್ಯಾಡ್ರಿ" ಎಂದು ಕೂಗುತ್ತಿದ್ದರು. ಅವರು ಸುಣ್ಣದ ಗೆರೆ ದಾಟಿ ಒಳಗೇ ಬಂದುಬಿಟ್ಟರು. ಗೆದ್ದೆ ಎಂದುಕೊಂಡೆ. ಗೆದ್ದವನ ಗತ್ತಿಗೆ ಇನ್ನೊಂದು ನಿಮಿಷ ಸುಮ್ಮನಿರೋಣವೆಂದು ಮಾತಾಡಲಿಲ್ಲ. ಮಾವ ಕೈಯನ್ನು ನನ್ನ ಹಣೆಯ ಮೇಲಿಟ್ಟರು.

"ಉಸಿರಾಡ್ಲಿಕ್ಕ ತ್ರಾಸ ಆಗ್ತದೇನ್ರಿ?" ಎಂದರು.

ನನಗೆ ಅರ್ಥವಾಗಲಿಲ್ಲ. ತಿರುಗಿ ನೋಡಿದೆ. ಚಪ್ಪರದ ಆ ತುದಿಯಲ್ಲಿ ಐವತ್ತರಲ್ಲಿ ನಲವತ್ತೆಂಟು ಮಂದಿ ಗೋಡೆಗೆ ಅಂಟಿದಂತೆ ನಿಂತಿದ್ದರು. ಕಾಶಿಬಾಯಿ ಫೋನು ಹಚ್ಚುತ್ತಿದ್ದಳು. ವರನ ಸೋದರಮಾವ ವರನ ಕೈ ಹಿಡಿದೆಳೆದು, "ನಮ್ಮ ಹುಡುಗನ್ನ ಕರಕೊಂಡು ನಾವು ಹೊಂಟೇವಿ. ರೋಗದ ಮನ್ಯಾಗ ಅಕ್ಕಿಕಾಳು ಹಾಕಂಗಿಲ್ಲ" ಎನ್ನುತ್ತಿದ್ದ. ಬಾಸಿಂಗ ಕಟ್ಟಿಕೊಂಡ ಅಂಬಿಕಾ ನನ್ನ ಕಡೆ ನೋಡಿ ಅಳುವ ದನಿಯಲ್ಲಿ, "ಭಾವಾ, ಏನರ ಮಾತಾಡ್ರೀ!" ಎಂದಳು. ಪಾಪ, ಆ ಹುಡುಗಿಯ ಮದುವೆ ಮೂರನೆಯ ಸಲ ತಪ್ಪುವುದರಲ್ಲಿತ್ತು, ಅದೂ ನನ್ನಿಂದ.

ಎದ್ದು ನಿಂತು ಕೂಗಿದೆ, "ನನಗ ರೋಗ ಬಂದಿಲ್ರೀ! ಸಿಟ್ಟು ಬಂದದ!"

ಯಾರೂ ನಂಬಲಿಲ್ಲ. ಜಗದೇವಿ ಒಳಗಿನಿಂದ ಓಡಿಬಂದು, "ಖರೇನ್ರಿ, ಇವರಿಗಿ ಯಾವಾಗಲೂ ಹಿಂಗೇ ಆಗ್ತದ" ಎಂದಳು. ಕಾಶಿಬಾಯಿ, "ಮನಿಯವರು ಹಿಂಗೇ ಮುಚ್ಚಿಡ್ತಾರ, ನಮಗ ಗೊತ್ತದ" ಎಂದಳು. ಸೋದರಮಾವ ಮುಂದೆ ಬಂದು, "ಸಿಟ್ಟು ಯಾತಕ್ಕ ಬಂದದ, ಹೇಳಲಿ" ಎಂದ. ಸಿಟ್ಟಿನ ಕಾರಣವನ್ನು ಬಾಯಿಬಿಟ್ಟು ಹೇಳುವ ಗತಿ ಯಾವ ಅಳಿಯನಿಗೂ ಬರಬಾರದು. ಹೇಳಿದೆ. ಪಟ್ಟಿಯಲ್ಲಿ ನಲವತ್ತೊಂಬತ್ತನೆಯವನು ಎಂದೆ. ಮೋಟರಿನವನು ನನಗಿಂತ ಮೇಲೆ ಎಂದೆ. ಮೋಟರಿನವನು ಸಂಕೋಚದಿಂದ ನೆಲ ನೋಡಿದ. ಸೋದರಮಾವ ಎಲ್ಲವನ್ನೂ ಕೇಳಿ ತಲೆ ಅಲ್ಲಾಡಿಸಿದ. "ಇಷ್ಟು ಸಣ್ಣ ಮಾತಿಗಿ ಬುದ್ಧಿ ಇದ್ದವರು ಉಪಾಸ ಕೂಡ್ತಾರೇನ್ರಿ? ರೋಗಾನೇ ಇದು."

"ತಡೀರಿ," ಎಂದಳು ಕಾಶಿಬಾಯಿ. "ರೋಗ ಇದ್ದವರಿಗಿ ರುಚಿ ತಿಳಿಯಂಗಿಲ್ಲ. ಸರ್, ಊಟ ಮಾಡ್ರಿ. ಹ್ಯಾಂಗದ ಹೇಳ್ರಿ."

ಅಷ್ಟು ಜನರ ಎದುರಿಗೆ ಮಾಸ್ಕ್ ಇಳಿಸಿ ಒಂದು ತುತ್ತು ಪಲ್ಯ ಬಾಯಿಗೆ ಹಾಕಿಕೊಂಡೆ. "ಉಪ್ಪು ಜಾಸ್ತಿ ಆಗ್ಯದ" ಎಂದೆ. ಮಂದಿ ಒಂದು ಹೆಜ್ಜೆ ಹತ್ತಿರ ಬಂದರು. ಹುಗ್ಗಿ ತಿಂದೆ. "ತುಪ್ಪ ಕಡಿಮಿ" ಎಂದೆ. ಇನ್ನೊಂದು ಹೆಜ್ಜೆ. ನನಗೂ ಉಮೇದು ಬಂತು. "ಯಾಲಕ್ಕಿ ಹಾಕೇ ಇಲ್ಲ!" ಎಂದೆ.

ಒಲೆಯ ಹತ್ತಿರವಿದ್ದ ಅಡಿಗೆಯ ಶರಣಪ್ಪ ಸೌಟು ಎತ್ತಿಕೊಂಡು ಬಂದ. "ಯಾಲಕ್ಕಿ ಹಾಕೀನ್ರೀ! ಮೂಗು ಸತ್ತದೇನು?" ಎಂದ.

ಅಷ್ಟೂ ಮಂದಿ ಒಮ್ಮೆಲೇ ಹಿಂದೆ ಸರಿದರು. ವರ ಚಪ್ಪಲಿ ಮೆಟ್ಟಿಕೊಂಡ. ನಾನು ತಾಟಿಗೆ ಮೂಗಿಟ್ಟು ಮತ್ತೆ ಮತ್ತೆ ಮೂಸಿದೆ, ಬೆವರು ಕಿತ್ತುಕೊಂಡು ಬಂತು. ನಿಜವಾಗಿಯೂ ರೋಗ ಬಂದಿರಬಹುದೇ ಎಂದು ನನಗೇ ಸಂಶಯ ಹತ್ತಿತು. ಕಾಶಿಬಾಯಿ ಸೀದಾ ಪಾತ್ರೆಯ ಹತ್ತಿರ ಹೋಗಿ ಒಂದು ಸೌಟು ಹುಗ್ಗಿ ಬಗ್ಗಿಸಿಕೊಂಡು, ಮಾಸ್ಕ್ ಸರಿಸಿ, ನಿಧಾನವಾಗಿ ತಿಂದಳು. ಅವಳು ಕೈ ತೊಳೆದುಕೊಂಡು ಶರಣಪ್ಪನ ಕಡೆ ತಿರುಗಿ, "ಎಲ್ಲದೋ ಯಾಲಕ್ಕಿ?" ಎಂದಳು. ಶರಣಪ್ಪ ತನ್ನ ಜೇಬು ಮುಟ್ಟಿ ನೋಡಿಕೊಂಡ. ಪುಡಿಯ ಪೊಟ್ಟಣ ಅಲ್ಲೇ ಇತ್ತು.

"ಸರ್ ಆರಾಮ ಇದ್ದಾರ!" ಎಂದು ಕಾಶಿಬಾಯಿ ಸಾರಿದಳು. ಜನ ಚಪ್ಪಾಳೆ ತಟ್ಟಿದರು. ಅಂಬಿಕಾಳ ಮೇಲೆ ಅಕ್ಷತೆಯ ಅಕ್ಕಿಕಾಳು ಬಿತ್ತು. ಆ ದಿನ ನಾನು ಅಡಿಗೆಯಲ್ಲಿ ಹಿಡಿದ ತಪ್ಪನ್ನೆಲ್ಲ ಎಲ್ಲರೂ ನಗುತ್ತ ಕೇಳಿಸಿಕೊಂಡರು, ಸಿಟ್ಟು ಎಂದು ಯಾರೊಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ಗಂಡಿನವರು ಹೋದ ಮೇಲೆ ನಾನು ಮತ್ತು ಮಾವ ತೋಟದ ಬದುವಿನ ಮೇಲೆ ಕುಳಿತಿದ್ದೆವು. ಮನಸ್ಸು ತುಂಬಿಬಂದಿತ್ತು. ಈ ವಯಸ್ಸಿನಲ್ಲಿ ಅವರು ಆ ಗೆರೆ ದಾಟಿದ್ದೇ ಕಣ್ಣ ಮುಂದೆ ಬರುತ್ತಿತ್ತು. ಹೇಳಿಯೇಬಿಟ್ಟೆ. "ಮಾವಾರ, ಅಷ್ಟು ಮಂದಿ ಬ್ಯಾಡ ಅಂದ್ರೂ ನೀವು ಒಳಗ ಬಂದ್ರಿ. ನನ್ನ ಸಿಟ್ಟಿಗಿ ನೀವು ಇಷ್ಟು ಬೆಲಿ ಕೊಡ್ತೀರಿ ಅಂತ ಇವತ್ತೇ ಗೊತ್ತಾಯ್ತು."

ಮಾವ ಅಚ್ಚರಿಯಿಂದ ನನ್ನ ಮುಖ ನೋಡಿದರು. "ಸಿಟ್ಟಿಗಿ ಎಲ್ಲಿ ಬಂದೆನ್ರಿ? ರೋಗ ಬಂದದ, ಕೂಸು ಒಂದೇ ಕುಂತದ ಅಂತ ಜೀವ ತಡೀಲಿಲ್ಲ, ಬಂದೆ. ಸಿಟ್ಟು ಅಂತ ಗೊತ್ತಿದ್ರ ನಾ ಯಾಕ ಬರ್ತಿದ್ದೆ? ಈ ಸಲ ಸಿಟ್ಟಾದ್ರ ಯಾರೂ ಕರೀಲಿಕ್ಕ ಹೋಗಬಾರದು ಅಂತ ಮನ್ಯಾಗ ಮೊದಲೇ ಮಾತಾಡಿ ಇಟ್ಟಿದ್ದೆವು."

"ಮನ್ಯಾಗ ಅಂದ್ರ ಯಾರ್ರಿ?"

"ಜಗದೇವೀನೇ ಹೇಳಿದ್ದು."

ಹದಿನೈದು ವರ್ಷದಲ್ಲಿ ಮೊದಲ ಸಲ ನನಗೆ ನಿಜವಾಗಿ ಸಿಟ್ಟು ಬಂತು. ಎದ್ದು ಹೋಗಿ, ಮಾಸ್ಕ್ ಕಿತ್ತು ಜೇಬಿಗೆ ಹಾಕಿ, ಅಡಿಗೆಮನೆಯ ಬಾಗಿಲಿಗೆ ನೇರವಾಗಿ ಒಂದು ಕಲ್ಲಿನ ಮೇಲೆ ಕುಳಿತೆ. ಮುಖ ಪೂರಾ ಕಾಣುತ್ತಿತ್ತು. ಜಗದೇವಿ ಕೊಡ ಹಿಡಿದು ನನ್ನ ಮುಂದೆಯೇ ಎರಡು ಸಲ ಹಾದುಹೋದಳು. ಎರಡನೆಯ ಸಲ "ಕಾಲು ತಗೀರಿ" ಎಂದಳು. ತೆಗೆದೆ. ಒಳಗೆ ಎಲ್ಲರೂ ಉಳಿದ ಹುಗ್ಗಿ ಬಿಸಿಮಾಡಿಕೊಂಡು, ಯಾಲಕ್ಕಿ ಉದುರಿಸಿಕೊಂಡು, ನಗುತ್ತ ಉಣ್ಣುತ್ತಿದ್ದರು. ಬಹಳ ಹೊತ್ತು ಕಾದೆ. ಆಮೇಲೆ ನಾನೇ ನನಗೆ "ಏಳ್ರಿ, ತಪ್ಪಾಯ್ತು" ಎಂದು ಹೇಳಿಕೊಂಡು, ಎದ್ದು, ತಾಟು ತೊಳೆದುಕೊಂಡು ಒಳಗೆ ಹೋದೆ.