ಉಡಿಗೆ ಬಿದ್ದ ಕಾದಂಬರಿ

ಬರೆಯುವ ಚಟ ಹತ್ತಿದವನಿಗೆ ಹಾರ, ಶಾಲು, ಭಾಷಣ ಇವೆಲ್ಲ ಬೇಕು ಎಂದು ಜನ ತಿಳಿದಿದ್ದಾರೆ. ಸಿಕ್ಕರೆ ಬೇಡ ಎನ್ನುವುದಿಲ್ಲ, ಆ ಮಾತು ಬೇರೆ. ಆದರೆ ಅವನ ಜೀವ ಕಾಯುವುದು ಒಬ್ಬನೇ ಒಬ್ಬ ಮನುಷ್ಯನಿಗಾಗಿ. ಮೊದಲ ಪುಟ ತೆರೆದು ಕೊನೆಯ ಪುಟದವರೆಗೆ ಓದಿ, 'ಓದಿದೆ' ಎಂದು ಬಂದು ಹೇಳುವವನಿಗಾಗಿ. ಅಂಥವನು ಸಿಕ್ಕರೆ ಚಹಾ ಕುಡಿಸಿ, ಅವನ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬರಲೂ ನಾನು ತಯಾರಿದ್ದೆ. ಟ್ರಂಕು ಹೊರುವ ಪ್ರಸಂಗ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದೇ ಈ ಪುರಾಣ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕಾರಕೂನನಾದೆ. ಆಫೀಸಿನಲ್ಲಿ ಕಾರಕೂನ, ಉಳಿದ ವೇಳೆ ವಿಜ್ಞಾನ ಕಾದಂಬರಿಕಾರ. ವಿಜ್ಞಾನದಲ್ಲಿ ನನ್ನ ಪಾಂಡಿತ್ಯ ಎಷ್ಟೆಂದರೆ ಮನೆಯ ಫ್ಯೂಸು ಹೋದರೆ ಹೆಂಡತಿ ನೀಲಾಳೇ ಹಾಕಬೇಕಿತ್ತು. ಆದರೂ ಮಿಲ್ಲಿನಲ್ಲಿ ಬಿದಿರು ಬೇಯಿಸುವ ಮಾಳಿಗೆಯೆತ್ತರದ ಹಂಡೆಗಳನ್ನು ಕಂಡಾಗಲೆಲ್ಲ ಅವು ಇನ್ನೇನು ಹೊಗೆ ಉಗುಳಿ ಆಕಾಶಕ್ಕೆ ಏಳುತ್ತವೆ ಎನ್ನಿಸುತ್ತಿತ್ತು. ಹಾಗೆ ಎನ್ನಿಸಿದ್ದರ ಫಲವೇ ನನ್ನ ಮೊದಲ ಕಾದಂಬರಿ 'ಆಕಾಶದ ಆಚೆ ದಂಡೆ'. ಭೂಮಿಯಿಂದ ಹೊರಟ ಕೆಲವರು ದೂರದ ಗ್ರಹವೊಂದರಲ್ಲಿ ಊರು ಕಟ್ಟುತ್ತಾರೆ. ಆ ಗ್ರಹದಲ್ಲೂ ಮೂರು ಪಾಳಿ, ಮೂರು ಹೊತ್ತೂ ಭೋಂಗಾದ ಕೂಗು, ಸಾಲು ಸಾಲು ಕ್ವಾರ್ಟರ್ಸು, ಕ್ಯಾಂಟೀನಿನಲ್ಲಿ ತಣ್ಣಗಾದ ಭಜಿ. ಕೋಟಿ ಮೈಲಿ ಹಾರಿ ನನ್ನ ಕಲ್ಪನೆ ಕೊನೆಗೆ ದಾಂಡೇಲಿಯಲ್ಲೇ ಇಳಿದಿತ್ತು.

ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ದೆವ್ವದ ಕತೆ ಇದ್ದರೆ ಕೊಡಿ ಎಂದರು. ಇನ್ನೊಬ್ಬರು ಏನೂ ಅನ್ನಲೇ ಇಲ್ಲ. ಕೊನೆಗೆ ನಾನೇ ಪ್ರಕಾಶಕನಾದೆ. ಹಳಿಯಾಳದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಕಟ್ಟುಗಳನ್ನು ಬಸ್ಸಿನ ಟಪ್ಪಿನ ಮೇಲೆ ಏರಿಸಿ, ಇಳಿಸಿ, ಹೆಗಲ ಮೇಲೆ ಹೊತ್ತು ಮನೆಗೆ ತಂದೆ. ಲೇಖಕ, ಪ್ರಕಾಶಕ, ಹಮಾಲ ಮೂರೂ ಒಬ್ಬನೇ. ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಪುಸ್ತಕಗಳೆಲ್ಲ ಮಂಚದ ಕೆಳಗೆ ಸೇರಿದವು. ಅಲ್ಲಿದ್ದ ಜೋಳದ ಚೀಲ ಬಾಗಿಲ ಹಿಂದೆ ಹೋಯಿತು. ಆವತ್ತಿನಿಂದ ನಮ್ಮ ಮನೆಯ ಬಾಗಿಲು ಪೂರ್ತಿ ತೆರೆಯದಾಯಿತು.

ವಿಮರ್ಶೆಗೆ ಕೊರತೆಯಾಗಲಿಲ್ಲ. ಮೊದಲ ಪ್ರತಿ ಕೊಟ್ಟದ್ದು ಗೆಳೆಯ ಬಸ್ತ್ಯಾಂವನಿಗೆ. ತೇರಗಾಂವದ ಕಡೆಯ ಸಿದ್ದಿ, ಮಿಲ್ಲಿನಲ್ಲಿ ಕಾಗದ ಕತ್ತರಿಸುವ ವಿಭಾಗದವನು. ಅವನು ಪುಸ್ತಕ ತೆರೆದು ಒಂದು ಹಾಳೆಯನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ತಿಕ್ಕಿದ, ಮೂಸಿಯೂ ನೋಡಿದ. "ಭಾಳ ಚಲೋ ಬಂದೈತ್ರಿ ಅಣ್ಣಾರ," ಎಂದ. ನನ್ನ ಎದೆ ಉಬ್ಬಿತು. "ಎಲ್ಲಿಂದ ಎಲ್ಲೀತನಕ ನೋಡಿದರೂ ಒಂದು ಗಂಟು ಇಲ್ಲ. ನಮ್ಮ ಮಿಲ್ಲಿಂದಲ್ಲೇನ್ರಿ ಕಾಗದ?" ಆಮೇಲೆ ಗೊತ್ತಾಯಿತು, ದಾಂಡೇಲಿಯಲ್ಲಿ ಯಾರಿಗೆ ಪುಸ್ತಕ ಕೊಟ್ಟರೂ ಇದೇ ಕತೆ. ಎಲ್ಲರೂ ಹಾಳೆ ತಿಕ್ಕಿ ನೋಡಿ ಹೊಗಳುವವರೇ. ಅದರ ಮೇಲೆ ಯಾರೋ ಏನೋ ಬರೆದಿದ್ದಾರೆ ಎನ್ನುವುದು ಅವರ ದೃಷ್ಟಿಗೆ ಬೀಳಲೇ ಇಲ್ಲ.

ಇಷ್ಟಾದರೂ ನನಗೆ ಎರಡನೇ ಕಾದಂಬರಿಯ ಹುಕಿ ಬಂತು. ನೀಲಾ ಶಾಯಿ ಬಾಟಲಿ ಎತ್ತಿಕೊಂಡು ಹೋಗಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಳು.

"ನೋಡ್ರಿ, ನಿಮ್ಮ ಪುಸ್ತಕ ಕಡೀತನಕ ಓದಿದವರನ್ನ ಒಬ್ಬರನ್ನಾದ್ರೂ ತೋರಸ್ರಿ. ಆಮ್ಯಾಲೆ ಎರಡನೇದು ಬರೀರಿ. ಅಲ್ಲೀತನಕ ಈ ಬಾಟ್ಲಿ ಇಲ್ಲೇ ಇರ್ತೈತಿ."

"ನೀನs ಓದಿಬಿಡು," ಎಂದೆ.

"ನಾ ನಿಮ್ಮನ್ನ ಮದಿವಿ ಆಗೇನಿ. ಅದೂ ಮ್ಯಾಲಿಂದ ಇದೂ ಅಂದ್ರ ಹೆಂಗ್ರಿ?"

ಹೆಂಡತಿ ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರಿದೆ. ನಮ್ಮ ಕಡೆ ಮದುವೆ, ಮುಂಜಿವೆ ಎಂದರೆ ಆಯೇರಿ ಮಾಡಬೇಕು. ಉಡುಗೊರೆ ಒಯ್ದು ಕೊಡಲೇಬೇಕು. ಹೆಂಗಸರು ಜಂಪರಿನ ಖಣ ಕೊಡುತ್ತಾರೆ. ನಾನು ಕಾದಂಬರಿ ಕೊಡತೊಡಗಿದೆ. ಬಸ್ತ್ಯಾಂವನ ತಂಗಿಯ ಮದುವೆಗೆ ಒಂದು. ಮುಂಡಗೋಡದ ದೊಡ್ಡವ್ವನ ಮಗನ ಲಗ್ನಕ್ಕೆ, ಬೀಗರಿಗೂ ಸೇರಿಸಿ, ಒಂದು ಕಟ್ಟು. ಜೊಯಿಡಾದಲ್ಲಿ ಗುರುತಿನವರ ಮನೆಯ ಮುಂಜಿವೆಗೆ ವಟುವಿಗೊಂದು, ವಟುವಿನ ತಮ್ಮಂದಿರಿಗೊಂದೊಂದು. ಬಣ್ಣದ ಕಾಗದ ಸುತ್ತಿ, ದಾರ ಕಟ್ಟಿ, ಕೈ ಮುಗಿದು ಕೊಟ್ಟೆ. ಕರೆಯದ ಮದುವೆಗಳಿಗೂ ಹೋದೆ ಎಂದು ನೀಲಾ ಹೇಳುತ್ತಾಳೆ. ಒಂದೆರಡು ಇರಬಹುದು.

ಮಂಚದ ಕೆಳಗೆ ಜಾಗ ಆಯಿತು, ಜೋಳದ ಚೀಲ ಸ್ವಸ್ಥಾನಕ್ಕೆ ಮರಳಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಹೆಸರು ಹರಡತೊಡಗಿತು. ಸನವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬರು, "ಆಕಾಶದ ಪುಸ್ತಕ ನಿಮ್ಮದಲ್ಲರೀ? ನಮ್ಮ ಮನೀಗೆ ಬಂದಿತ್ತು," ಎಂದರು. ಜೊಯಿಡಾದ ಅಂಗಡಿಕಾರರು, "ನಮ್ಮಲ್ಲಿ ಎರಡು ಸಲ ಬಂದು ಹೋಯ್ತು," ಎಂದರು. ಎರಡು ಸಲ! ಒಮ್ಮೆ ಓದಿದವರು ಮತ್ತೆ ತರಿಸಿಕೊಂಡು ಓದಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ಬಂದಿತ್ತು, ಹೋಯ್ತು ಎನ್ನುತ್ತಾರೆಯೇ ಹೊರತು ಓದಿದೆ ಎಂದು ಯಾರೂ ಹೇಳುತ್ತಿಲ್ಲವಲ್ಲ ಎಂಬ ಸಂಶಯ ಕೀರ್ತಿಯ ಅಮಲಿನಲ್ಲಿ ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಖಣದ ಸಂಗತಿ ಯಾರಿಗೆ ಗೊತ್ತಿಲ್ಲ? ಒಬ್ಬರು ಕೊಟ್ಟ ಖಣವನ್ನು ಯಾರೂ ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟು ಮುಂದಿನ ಮದುವೆಗೆ ದಾಟಿಸುತ್ತಾರೆ. ಊರೂರು ತಿರುಗಿ ಅದು ಎಂದಾದರೊಂದು ದಿನ ಕೊಟ್ಟವರ ಮನೆಗೇ ಬರುತ್ತದೆ.

ಅಷ್ಟರಲ್ಲಿ ನೀಲಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಮನೆಯಲ್ಲಿ ಕುಬಸದ ಕಾರ್ಯಕ್ರಮ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಬೇಕು. ಮುಂಡಗೋಡದಿಂದ ದೊಡ್ಡವ್ವ ಬಂದಳು, ಹಳಿಯಾಳದಿಂದ ನೀಲಾಳ ತಾಯಿ ಬಂದರು, ನಾನು ಆಯೇರಿ ಮಾಡಿದ್ದ ಮನೆಗಳ ಹೆಂಗಸರೆಲ್ಲ ಬಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ.

ಮೊದಲು ದೊಡ್ಡವ್ವ ಅಕ್ಕಿ, ಕೊಬ್ಬರಿ ಬಟ್ಟಲು ಉಡಿಗೆ ಹಾಕಿ, ಚೀಲದಿಂದ ಬಣ್ಣದ ಕಾಗದದ ಪೊಟ್ಟಣವೊಂದನ್ನು ತೆಗೆದು ಇಟ್ಟಳು. ಕಾಗದದ ಬಣ್ಣ ಎಲ್ಲೋ ಕಂಡಂತಿತ್ತು. ಎರಡನೆಯವರು ಇಟ್ಟ ಪೊಟ್ಟಣಕ್ಕೆ ನಾನೇ ಹಾಕಿದ್ದ ಗಂಟು ಹಾಗೆಯೇ ಇತ್ತು. ಮೂರನೆಯವರು, ನಾಲ್ಕನೆಯವರು... ನೀಲಾಳ ಉಡಿ ಭಾರವಾಗಿ ಸೆರಗು ಜಗ್ಗತೊಡಗಿತು. ಕೊನೆಗೆ ಬಸ್ತ್ಯಾಂವನ ತಾಯಿ ಬಂದು ಮೂರು ಪೊಟ್ಟಣ ಒಟ್ಟಿಗೇ ಇಟ್ಟರು. ಆಕೆಗೆ ಮುಚ್ಚುಮರೆ ಗೊತ್ತಿಲ್ಲ.

"ನಮ್ಮ ಮನೀಗೆ ಇದs ಬರ್ತಾವು ನೋಡವಾ. ಒಂದು ಕೊಟ್ರ ಎರಡು ಬರ್ತಾವು. ನಿಮ್ಮವು ನಿಮ್ಮ ಮನೀ ಸೇರಲಿ ಅಂತ ತಂದೆ," ಎಂದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ನೀಲಾ. ನಕ್ಕು ನಕ್ಕು ಉಡಿಯೊಳಗಿನ ಅಕ್ಕಿ ಚೆಲ್ಲಿತು. ಆಮೇಲೆ ಇಡೀ ಮನೆ ನಕ್ಕಿತು. ನಾನೂ ನಗಬೇಕೆಂದು ಹಲ್ಲು ತೆರೆದೆ, ಆದರೆ ನಿಜ ಹೇಳುತ್ತೇನೆ, ನಗು ಬರಲಿಲ್ಲ. ಇಷ್ಟು ಮನೆ, ಇಷ್ಟು ಊರು ತಿರುಗಿದ ನನ್ನ ಪುಸ್ತಕದ ದಾರವನ್ನೂ ಯಾರೂ ಬಿಚ್ಚಿರಲಿಲ್ಲ. ಬುಟ್ಟಿ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಬಸ್ತ್ಯಾಂವ ಹಿಂದೆಯೇ ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾರ. ಇಷ್ಟು ತಿರಗಿದ್ರೂ ಒಂದು ಹಾಳಿ ಹರದಿಲ್ಲ. ಕಾಗದ ಅಂದ್ರ ಕಾಗದ," ಎಂದು ಸಮಾಧಾನ ಮಾಡಿದ.

ಆವತ್ತೇ ಪುಸ್ತಕಗಳನ್ನೆಲ್ಲ ಮಿಲ್ಲಿನ ರದ್ದಿಗೆ ಹಾಕಿ ಬರುತ್ತೇನೆ ಎಂದು ಹೊರಟೆ. ಬಿದಿರಿನ ಜೊತೆ ಬೆಂದು ಮತ್ತೆ ಬಿಳಿ ಹಾಳೆಯಾಗಲಿ, ಪುಣ್ಯವಂತರು ಯಾರಾದರೂ ಲೆಕ್ಕ ಬರೆದುಕೊಳ್ಳಲಿ. ಬಾಗಿಲಲ್ಲಿ ದೊಡ್ಡವ್ವ ಅಡ್ಡ ನಿಂತಳು. "ಬಸರ ಹೆಂಗಸಿನ ಉಡಿಗೆ ಬಿದ್ದದ್ದು ಹೊರಗ ಹಾಕಬಾರದೋ ತಮ್ಮಾ. ಆಕೀನs ಬಳಸಬೇಕು. ಅಕ್ಕಿ ಆದ್ರ ಉಣಬೇಕು, ಖಣ ಆದ್ರ ತೊಡಬೇಕು."

"ಪುಸ್ತಕ ಆದ್ರ?" ಎಂದಳು ನೀಲಾ. ಅವಳ ನಗು ನಿಂತಿತ್ತು.

ದೊಡ್ಡವ್ವ ಸ್ವಲ್ಪ ಯೋಚಿಸಿ, "ಓದಬೇಕು ನಮ್ಮವ್ವ. ಮತ್ತೇನ್ ಮಾಡ್ತಿ," ಎಂದಳು, ಮರಣದ ಮನೆಯಲ್ಲಿ ಸಾಂತ್ವನ ಹೇಳುವ ದನಿಯಲ್ಲಿ.

ನೀಲಾ ಹೆರಿಗೆಗೆ ಹಳಿಯಾಳದ ತವರಿಗೆ ಹೋಗುವಾಗ ಒಂದು ಪ್ರತಿ ಚೀಲಕ್ಕೆ ಹಾಕಿಕೊಂಡಳು. ಮಗಳು ಹುಟ್ಟಿದಳು. ಕೂಸನ್ನು ನೋಡಲು ಹೋದಾಗಲೆಲ್ಲ ನಾನು ತೊಟ್ಟಿಲ ಕಡೆ ಒಂದು ಕಣ್ಣು, ಗೂಟಕ್ಕೆ ತೂಗು ಹಾಕಿದ ಆ ಚೀಲದ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದೆ. ಕೇಳುವ ಧೈರ್ಯ ಬರಲಿಲ್ಲ. ಬಾಣಂತನ ಮುಗಿಸಿ ದಾಂಡೇಲಿಗೆ ಬಂದವಳು ಕೂಸನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ಅಡುಗೆಮನೆಗೆ ಹೋಗಿ, ಭರಣಿಯ ಹಿಂದಿನಿಂದ ಶಾಯಿ ಬಾಟಲಿ ತಂದು ನನ್ನ ಮುಂದೆ ಇಟ್ಟಳು.

"ಓದಿದೆ. ಕಡೀತನಕ," ಎಂದಳು.

ಕೈಯಲ್ಲಿ ಕೂಸಿತ್ತು, ಗಟ್ಟಿ ಹಿಡಿದೆ. "ಹೆಂಗೈತಿ?"

"ಒಮ್ಮೆ ಅಲ್ರಿ, ನಾಕೈದು ಸಲ ಓದೇನಿ. ಗಟ್ಟಿಯಾಗಿ ಓದೇನಿ. ಈಕಿ ಎಷ್ಟು ಹಟಾ ಮಾಡಾಕ ಹತ್ತಿದ್ರೂ ಒಂದು ಪುಟ ಮುಗಿಯೂದ್ರಾಗ ನಿದ್ದಿ. ಜೋಗುಳ ಹಾಡಿದ್ರ ಕಣ್ಣು ಬಿಟ್ಟು ನೋಡ್ತಾಳ, ನಿಮ್ಮ ಪುಸ್ತಕ ತಗದ್ರ ಮುಚ್ಚತಾಳ. ನಮ್ಮವ್ವನೂ ಅಲ್ಲೇ ಗ್ವಾಡಿಗೆ ಆತು ಮಲಗ್ತಿದ್ಲು. ಈಗ ಈಕೀಗೆ ಅದು ರೂಢಿ ಆಗಿಬಿಟ್ಟೈತಿ, ನಡುವs ಎಚ್ಚರಾಗ್ತಾಳ. ಲಗೂನ ಎರಡನೇದು ಬರೀರಿ."

ಮಾತು ಮಾತೇ. ಕೊನೆಯವರೆಗೆ ಓದಿದವರು ಸಿಕ್ಕರು, ಶಾಯಿ ಬಾಟಲಿ ಬಿಡುಗಡೆಯಾಯಿತು. ಈಗ ನಾನು ಆಫೀಸು ಮುಗಿಸಿ ಬಂದು ಬರೆಯುತ್ತೇನೆ. ಬರೆದದ್ದು ಶಾಯಿ ಆರುವ ಮೊದಲೇ ತೊಟ್ಟಿಲ ಬಳಿ ಹೋಗುತ್ತದೆ. ಮೊನ್ನೆ ಹತ್ತನೇ ಅಧ್ಯಾಯದಲ್ಲಿ ಉಲ್ಕೆ ಬಡಿದು ಆಕಾಶನೌಕೆ ಸಿಡಿಯುವ ಪ್ರಸಂಗವನ್ನು ಬೆವರು ಹರಿಸಿ ಬರೆದಿದ್ದೆ. ನನ್ನ ಜೀವಮಾನದಲ್ಲಿ ಅಂಥ ಪುಟ ಬರೆದದ್ದಿಲ್ಲ. ನೀಲಾ ಓದತೊಡಗಿದಳು. ಅರ್ಧ ಪುಟಕ್ಕೆ ಮಗಳು ಕಣ್ಣರಳಿಸಿ, ಕೈಕಾಲು ಬಡಿದು, ಕೇಕೆ ಹಾಕಿದಳು. ನನ್ನ ಬರಹವನ್ನು ಕೇಳಿ ಎಚ್ಚರವಾದ ಪ್ರಪ್ರಥಮ ಜೀವ! ಆನಂದದಿಂದ ನನ್ನ ಕಣ್ಣು ತುಂಬಿ ಬಂತು. ನೀಲಾ ಆ ಹಾಳೆಗಳನ್ನು ನನ್ನ ಕೈಗೆ ತುರುಕಿ, "ಇದು ಕೆಟ್ಟೈತ್ರಿ, ಮೊದಲಿನ ಹಂಗ ಬರೀರಿ," ಎಂದಳು.

ನಾನು ಕುಳಿತು ತಿದ್ದಿದೆ. ಉಲ್ಕೆ ಈಗ ನೌಕೆಗೆ ಬಡಿಯುವುದಿಲ್ಲ, ಪಕ್ಕದಿಂದ ಮೆಲ್ಲಗೆ ಹೋಗುತ್ತದೆ.