ಹನ್ನೊಂದು ಬೋಲ್ಟಿನ ಆಕ್ಸಲ್

ಗಂಡ: ಹನ್ನೊಂದು.

ಅಂಗಡಿಯವರು (ಫೋನಿನಲ್ಲಿ): ಹನ್ನೊಂದು ಬೋಲ್ಟಿನ ಆಕ್ಸಲ್ ಇನ್ನೂ ಹುಟ್ಟಿಲ್ಲ ಯಜಮಾನ್ರೇ. ಹತ್ತು ಇರುತ್ತೆ, ಇಲ್ಲಾಂದ್ರೆ ಹನ್ನೆರಡು.

ಗಂಡ: ಹಾಗಾದ್ರೆ ಹನ್ನೆರಡು. ಒಂದು ಬಿಟ್ಟುಹೋಗಿದೆ.

ಹೆಂಡತಿ: ಅಲ್ಲ, ಹತ್ತು. ಒಂದನ್ನ ಎರಡು ಸಲ ಎಣಿಸಿದ್ದೀರಿ.

ಗಂಡ: ವ್ಯಾನಿನ ಕೆಳಗೆ ಮಲಗಿರೋದು ನೀನಾ, ನಾನಾ?

ಹೆಂಡತಿ: ನೀವೇ. ಮಲಗಿದ್ದು ಸಾಕು, ಎಣಿಸಿ ಅಂತಿದ್ದೀನಿ.

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂದಿನ ಅಂಗಳ. ತಂತಿಗಳ ಮೇಲೆ ಆಸ್ಪತ್ರೆಯ ಬಿಳಿ ಚಾದರಗಳು ಸಾಲಾಗಿ ಒಣಗುತ್ತಿವೆ. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಉಬ್ಬಿ ಒಟ್ಟಿಗೆ ಇಳಿಯುತ್ತವೆ. ಅವುಗಳ ನಡುವೆ ಹಳೆಯ ವ್ಯಾನು, ಹಿಂದಿನ ಎರಡೂ ಚಕ್ರ ನೆಲದಿಂದ ಗೇಣುದ್ದ ಮೇಲೆ, ಮುಂದಿನವಕ್ಕೆ ಕಲ್ಲು ಕೊಟ್ಟು ನಿಂತಿದೆ. ಬೆಳಿಗ್ಗೆ ಅದರ ಹಿಂದಿನ ಬೇರಿಂಗ್ ಕರಕರ ಎಂದು ಸತ್ತುಹೋಯಿತು. ನಾಲ್ಕು ಗಂಟೆಗೆ ಎಂಬತ್ತು ಚಾದರ ಆಸ್ಪತ್ರೆ ಸೇರಬೇಕು. ಈ ತಿಂಗಳು ಆಗಲೇ ಎರಡು ಸಲ ತಡವಾಗಿದೆ. ಇನ್ನೊಂದು ಸಲ ಆದರೆ ಬೇರೆಯವರಿಗೆ ಕೊಡುತ್ತೇವೆ ಎಂದು ದೊಡ್ಡ ನರ್ಸಮ್ಮ ಹೇಳಿಬಿಟ್ಟಿದ್ದಾರೆ. ಹಳೆ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯವರು ಬೇರಿಂಗ್ ತಂದು ಹಾಕಿಕೊಡಲು ಸಿದ್ಧ. ಆದರೆ ಹಿಂದಿನ ಎರಡು ಚಕ್ರ ಜೋಡಿಸುವ ಆಕ್ಸಲ್ ಯಾವ ಜಾತಿಯದೆಂದು ತಿಳಿಯದೆ ಯಾವ ಬೇರಿಂಗೂ ಕೂರುವುದಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಫೋನು ಗಟ್ಟಿಯಾಗಿ ಮಾತಾಡುತ್ತಿದೆ.

ಅಂಗಡಿಯವರು: ಆಕ್ಸಲ್ ಮಧ್ಯದಲ್ಲಿ ಗುಂಡಗೆ ಒಂದು ಡಬ್ಬಿ ಇದೆಯಲ್ಲ, ಅದರ ಮುಚ್ಚಳದ ಬೋಲ್ಟೇ ತಾನೇ ಎಣಿಸ್ತಿರೋದು?

ಗಂಡ: ಹೌದು ಮಾರಾಯ್ರೇ. ಎಣಿಸೋದೇ ಬೇಡ. ಇದು ಕಂಪನಿಯಿಂದ ಬಂದ ಹಾಗೇ ಇರೋ ಗಾಡಿ. ಒಂದು ಸ್ಕ್ರೂ ಬದಲಾಗಿಲ್ಲ. ಪುಸ್ತಕ ನೋಡಿ, ಹನ್ನೆರಡು ಅಂತಿರುತ್ತೆ, ಅದನ್ನೇ ತನ್ನಿ.

ಹೆಂಡತಿ: ಪುಸ್ತಕ ನೋಡಿ ತರಬೇಡಿ! ರೀ, ಎಣಿಸೋಕೆ ಶುರು ಮಾಡಿದ್ದು ಯಾವ ಬೋಲ್ಟಿಂದ?

ಗಂಡ: ಮೇಲಿಂದು.

ಹೆಂಡತಿ: ಮುಗಿಸಿದ್ದು?

ಗಂಡ: ಮೇಲಿಂದೇ. ಸುತ್ತಿ ವಾಪಸ್ ಬರಬೇಕಲ್ಲ!

ಅವಳು ಒಳಗೆ ಹೋಗಿ, ಬಟ್ಟೆಗೆ ಗುರುತು ಹಾಕುವ ಮಸಿ ತಂದು ವ್ಯಾನಿನ ಕೆಳಗೆ ತಳ್ಳಿದಳು. ಅವನು ಒಂದೊಂದು ಬೋಲ್ಟಿನ ತಲೆಗೂ ಬೊಟ್ಟಿಟ್ಟ.

ಗಂಡ: ಹತ್ತು.

ಹೆಂಡತಿ: ನೋಡಿದ್ರಾ!

ಗಂಡ: ಎರಡು ಬಿದ್ದುಹೋಗಿವೆ.

ಅಂಗಡಿಯವರು: ಬಿದ್ದುಹೋದ್ರೆ ತೂತು ಇರಬೇಕಲ್ಲ ಯಜಮಾನ್ರೇ?

ಗಂಡ: ತೂತೂ ಬಿದ್ದುಹೋಗಿದೆ. ಹಳೇ ಗಾಡಿ ಅಂದ್ಮೇಲೆ ಏನು ಬೇಕಾದ್ರೂ ಬೀಳುತ್ತೆ.

ಅಂಗಡಿಯವರು: ಒಂದು ಕೆಲಸ ಮಾಡಿ. ಆ ಮುಚ್ಚಳಾನೇ ಬಿಚ್ಚಿಬಿಡಿ. ಒಳಗಿನ ಗೇರಿನ ಹಲ್ಲು ನೋಡಿದ್ರೆ ಎಲ್ಲ ಗೊತ್ತಾಗಿಹೋಗುತ್ತೆ.

ಗಂಡ: ಬೇಡ!

ಹೆಂಡತಿ: ಬೇಡ!

ಅಂಗಡಿಯವರು: ಬೆಳಿಗ್ಗೆಯಿಂದ ನೀವಿಬ್ಬರೂ ಒಂದೇ ಮಾತು ಹೇಳಿದ್ದು ಇದೇ ಮೊದಲು.

ಗಂಡ: ಒಳಗೆ ಧೂಳು ಹೋಗುತ್ತೆ, ಅದಕ್ಕೆ.

ಹೆಂಡತಿ: ಹೊರಗೆ ಎಣ್ಣೆ ಬರುತ್ತೆ. ಚಾದರ ಇದೆ ಇಲ್ಲಿ.

ಅಂಗಡಿಯವರು: ಸರಿ, ಹಾಗಾದ್ರೆ ಸುತ್ತು ಎಣಿಸೋಣ. ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಚಕ್ರಕ್ಕೆ ಸೀಮೆಸುಣ್ಣದ ಗೆರೆ ಎಳೆದು ಪೂರ್ತಿ ಒಂದು ಸುತ್ತು ತಿರುಗಿಸಿ. ಅಷ್ಟರಲ್ಲಿ ಇಂಜಿನ್ನಿಂದ ಹಿಂದಕ್ಕೆ ಬರೋ ಉದ್ದದ ಶಾಫ್ಟು ಎಷ್ಟು ಸುತ್ತು ತಿರುಗುತ್ತೆ ಹೇಳಿ. ಹನ್ನೆರಡು ಬೋಲ್ಟಿಂದಾದ್ರೆ ಐದರ ಹತ್ತಿರ. ಹತ್ತರದ್ದಾದ್ರೆ ನಾಲ್ಕು, ಚೂರು ಜಾಸ್ತಿ.

ಅವಳು ಎಡಗಡೆಯ ಚಕ್ರ ಹಿಡಿದು ತಿರುಗಿಸಿದಳು. ಅವನು ಕೆಳಗಿನಿಂದ ಶಾಫ್ಟನ್ನೇ ನೋಡುತ್ತಿದ್ದ.

ಗಂಡ: ತಿರುಗಿಸೇ.

ಹೆಂಡತಿ: ತಿರುಗಿಸ್ತಿದ್ದೀನಿ.

ಗಂಡ: ಎಲ್ಲಿ? ಶಾಫ್ಟು ಅಲ್ಲಾಡ್ತಾನೇ ಇಲ್ಲ.

ಹೆಂಡತಿ: ಹತ್ತು ಸುತ್ತು ಆಯ್ತು, ನನ್ನ ತೋಳು ಬಿದ್ದುಹೋಗ್ತಿದೆ.

ಗಂಡ: ಅಯ್ಯೋ, ಈ ಕಡೆ ಚಕ್ರ ತಾನಾಗೇ ತಿರುಗ್ತಿದೆ ಕಣೇ! ಅದೂ ಉಲ್ಟಾ! ನೀನು ಮುಂದಕ್ಕೆ ತಿರುಗಿಸಿದ್ರೆ ಇದು ಹಿಂದಕ್ಕೆ ಹೋಗುತ್ತೆ!

ಹೆಂಡತಿ: ಮದುವೆಯಾದಾಗಿಂದ ನಿಮ್ಮ ಕಡೆದು ಹಾಗೇ.

ಅಂಗಡಿಯವರು: ಅದು ಹಾಗೇ ಅಕ್ಕ, ಆಕ್ಸಲ್ ಗುಣ ಅದು. ಒಬ್ಬರೇ ತಿರುಗಿಸಿದ್ರೆ ಇನ್ನೊಂದು ಎದುರು ತಿರುಗುತ್ತೆ, ಶಾಫ್ಟು ನಿಂತೇ ಇರುತ್ತೆ. ಇಬ್ಬರೂ ಒಂದೊಂದು ಚಕ್ರ ಹಿಡ್ಕೊಳ್ಳಿ. ಒಟ್ಟಿಗೆ ತಿರುಗಿಸಿ.

ಗಂಡ: ಇಬ್ಬರೂ ಚಕ್ರ ಹಿಡಿದ್ರೆ ಶಾಫ್ಟು ಎಣಿಸೋರು ಯಾರು?

ಹೆಂಡತಿ ತಂತಿಯಿಂದ ಒಂದು ಮರದ ಕ್ಲಿಪ್ಪು ಕಿತ್ತಳು. ಬಟ್ಟೆಯ ಪಟ್ಟಿಯೊಂದನ್ನು ಶಾಫ್ಟಿಗೆ ಬಿಗಿಯಾಗಿ ಕಟ್ಟಿಸಿ, ಗಂಟಿಗೆ ಆ ಕ್ಲಿಪ್ಪು ಸಿಕ್ಕಿಸಿದಳು. ಶಾಫ್ಟು ಒಂದು ಸುತ್ತು ಬಂದಾಗಲೆಲ್ಲ ಕ್ಲಿಪ್ಪು ತಾಗುವಂತೆ ಪಕ್ಕದಲ್ಲಿ ಒಂದು ತಗಡಿನ ತಟ್ಟೆ ನಿಲ್ಲಿಸಿದಳು. ತಟ್ಟೆಯ ಪಕ್ಕದಲ್ಲಿ ಫೋನು ಇಟ್ಟಳು.

ಹೆಂಡತಿ: ನೀವು ಎಣಿಸಿ ಅಣ್ಣ. ಟಕ್ ಅಂದಾಗಲೆಲ್ಲ ಒಂದು.

ಅಂಗಡಿಯವರು: ಮೂವತ್ತು ವರ್ಷದ ಸರ್ವೀಸಿನಲ್ಲಿ ಫೋನಲ್ಲಿ ಆಕ್ಸಲ್ ಕೇಳ್ತಿರೋದು ಇದೇ ಮೊದಲು. ಆಗಲಿ. ಇಬ್ಬರೂ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ. ಒಂದು, ಎರಡು, ಮೂರು!

ವ್ಯಾನಿನ ಆಚೆ ಈಚೆ ಇಬ್ಬರೂ ಏದುಸಿರು ಬಿಟ್ಟರು. ಚಕ್ರಗಳು ತಿರುಗಿದವು. ತಟ್ಟೆ ಸುಮ್ಮನೆ ನಿಂತಿತ್ತು.

ಅಂಗಡಿಯವರು: ಟಕ್ ಇಲ್ಲ.

ಗಂಡ: ಇವಳು ಉಲ್ಟಾ ತಿರುಗಿಸ್ತಿದ್ದಾಳೆ!

ಹೆಂಡತಿ: ಗಡಿಯಾರದ ಹಾಗೇ ತಿರುಗಿಸ್ತಿದ್ದೀನಿ! ನೀವೇ ಉಲ್ಟಾ!

ಗಂಡ: ನನ್ನ ಗಡಿಯಾರ ಸರಿಯಾಗಿದೆ!

ಹೆಂಡತಿ: ಎರಡು ಸಲ ತಡವಾಗಿ ಹೋದ ಗಡಿಯಾರ ತಾನೇ?

ಗಂಡ: ಬಂದು ನೋಡು ಬೇಕಾದ್ರೆ!

ಅವಳು ಆ ಕಡೆ ಹೋಗಿ ನೋಡಿದಳು. ಸರಿಯಾಗಿತ್ತು. ಅವನು ಈ ಕಡೆ ಬಂದು ನೋಡಿದ. ಇದೂ ಸರಿಯಾಗಿತ್ತು. ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಇನ್ನೊಂದು ಸಲ ತಿರುಗಿಸಿದರು. ಟಕ್ ಇಲ್ಲ.

ಅಂಗಡಿಯವರು: ಇಬ್ಬರೂ ಸರಿಯಾಗೇ ತಿರುಗಿಸ್ತಿದ್ದೀರಿ. ಅದಕ್ಕೇ ಏನೂ ತಿರುಗ್ತಿಲ್ಲ. ತಪ್ಪು ನಂದೇ. ಎದುರುಬದುರು ಕೂತವರಿಗೆ ಒಂದೇ ಗಡಿಯಾರ ಹೇಳಬಾರದಿತ್ತು.

ಹೆಂಡತಿ ಚಕ್ರದ ಮೇಲೆ ಕೈಯಿಟ್ಟುಕೊಂಡು ತಂತಿಯ ಚಾದರಗಳ ಕಡೆ ನೋಡಿದಳು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಒದ್ದೆ ಚಾದರದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ.

ಹೆಂಡತಿ: ರೀ, ನಾವು ಹಿಂಡ್ತಿದ್ದೀವಿ.

ಗಂಡ: ಏನು?

ಹೆಂಡತಿ: ಚಾದರ ಹಿಂಡೋ ಹಾಗೆ ತಿರುಗಿಸ್ತಿದ್ದೀವಿ. ಹಿಂಡಬೇಡಿ. ಮಡಚೋ ಹಾಗೆ ಮಾಡಿ. ಇಬ್ಬರೂ ಆಸ್ಪತ್ರೆ ಕಡೆಗೆ.

ಈ ಸಲ ಚಕ್ರಗಳು ಜೊತೆಯಾಗಿ ಹೊರಟವು. ಟಕ್. ಟಕ್. ಟಕ್. ಟಕ್. ಚಕ್ರದ ಒಂದು ಸುತ್ತು ಮುಗಿಯುವ ಹೊತ್ತಿಗೆ ಕ್ಲಿಪ್ಪು ತಟ್ಟೆಯಿಂದ ಸ್ವಲ್ಪವೇ ಮುಂದೆ ಹೋಗಿ ನಿಂತಿತು.

ಅಂಗಡಿಯವರು: ನಾಲ್ಕು, ಚೂರು ಜಾಸ್ತಿ! ಹತ್ತು ಬೋಲ್ಟು, ನಾಲ್ಕು ಚಿಲ್ಲರೆ ಸುತ್ತು. ಸಿಕ್ಕಿತು ಯಜಮಾನ್ರೇ. ಆದರೆ ಇದು ನಿಮ್ಮ ವ್ಯಾನಿನ ಆಕ್ಸಲ್ ಅಲ್ಲ.

ಗಂಡ: ಮತ್ತೆ ಯಾರದ್ದು?

ಅಂಗಡಿಯವರು: ಗ್ರೀಸು ಸ್ವಲ್ಪ ಕೆರೆದು ನೋಡಿ.

ಅವನು ಉಗುರಿನಿಂದ ಕೆರೆದ. ಕಪ್ಪು ಗ್ರೀಸಿನ ಅಡಿಯಿಂದ ತಿಳಿ ಗುಲಾಬಿ ಬಣ್ಣ ಕಂಡಿತು.

ಗಂಡ: ಗುಲಾಬಿ!

ಅಂಗಡಿಯವರು: ಐಸ್‌ಕ್ರೀಮ್ ವ್ಯಾನಿಂದು.

ಗಂಡ: ನಾನು ಐಸ್‌ಕ್ರೀಮ್ ಮೇಲೆ ಓಡಾಡ್ತಿದ್ದೀನಾ? ಅದಕ್ಕೇ ಮಕ್ಕಳು ಹಿಂದೆ ಓಡಿ ಬರ್ತಾರಾ?

ಹೆಂಡತಿ: ಮಕ್ಕಳು ಯಾವ ಗಾಡಿ ಹಿಂದೆ ಬೇಕಾದ್ರೂ ಓಡ್ತಾರೆ.

ಅವನು ವ್ಯಾನಿನ ಕೆಳಗಿನಿಂದ ಹೊರಬಂದು ಕೂತ. ಮೂಗಿನ ತುದಿಗೆ ಮಸಿ ಅಂಟಿತ್ತು.

ಗಂಡ: ಮೂರು ವರ್ಷದ ಹಿಂದೆ ನಾನು ಕಾಲು ಮುರ್ಕೊಂಡು ಆರು ವಾರ ಮಲಗಿದ್ದೆ. ಆಗ ಗಾಡಿ ಓಡಿಸ್ತಿದ್ದೋರು ಯಾರು?

ಹೆಂಡತಿ: ...ನಾನು.

ಗಂಡ: ಏನಾಯ್ತು?

ಹೆಂಡತಿ: ಆಸ್ಪತ್ರೆ ಗೇಟಲ್ಲಿ ರಿವರ್ಸ್ ತಗೊಂಡೆ. ನಿಧಾನವಾಗೇ ತಗೊಂಡೆ ರೀ. ಕಟ್ ಅಂತು. ಗಾಡಿ ನಿಂತುಹೋಯ್ತು. ನೀವು ಪ್ರಾಣದ ಹಾಗೆ ನೋಡ್ಕೊಂಡಿದ್ದ ಗಾಡಿ. ಈ ಅಣ್ಣನ ಕಾಲು ಹಿಡಿದು ಎರಡೇ ದಿನದಲ್ಲಿ ಬೇರೆ ಆಕ್ಸಲ್ ಹಾಕಿಸಿದೆ. ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದೆ.

ಗಂಡ: ಮೂರು ವರ್ಷ!

ಹೆಂಡತಿ: ಹೇಳೋಣ ಅಂತಲೇ ಇದ್ದೆ. ನೀವು ಎದ್ದು ಗಾಡಿ ಹತ್ತಿದ ದಿನ ಬೀದಿಗೆಲ್ಲ ಕೇಳೋ ಹಾಗೆ ಏನಂದ್ರಿ? 'ನೋಡಿ, ನನ್ನ ಕೈ ತಾಗಿದ್ದೇ ತಡ, ರೇಷ್ಮೆ ಹಾಗೆ ಓಡ್ತಿದೆ.' ಆಮೇಲೆ ಹೇಗೆ ಹೇಳಲಿ?

ಅವನು ಕೈಯೆತ್ತಿ ಏನೋ ದೊಡ್ಡ ಮಾತು ಹೇಳಲು ಬಾಯಿ ತೆರೆದ.

ಅಂಗಡಿಯವರು: ಯಜಮಾನ್ರೇ, ಬಯ್ಯೋಕೆ ಮೊದಲು ಒಂದು ವಿಷಯ. ಆಣೆ ಇದ್ದಿದ್ದು ಆಕ್ಸಲ್ ಬಗ್ಗೆ ಮಾತ್ರ. ಆ ಹಳೇದನ್ನ ಬಿಚ್ಚಿದಾಗ ಒಳಗೆ ಎರಡು ಹಿಡಿ ಮರದ ಹೊಟ್ಟು ಇತ್ತು.

ಎತ್ತಿದ ಕೈ ಹಾಗೇ ನಿಂತಿತು. ತಂತಿಯ ಮೇಲೆ ಚಾದರಗಳೂ ಅಲ್ಲಾಡಲಿಲ್ಲ.

ಹೆಂಡತಿ: ಹೊಟ್ಟಾ? ಆಕ್ಸಲ್ ಒಳಗಾ?

ಅಂಗಡಿಯವರು: ಹಲ್ಲು ಸವೆದು ಸದ್ದು ಬಂದ್ರೆ ಕೆಲವರು ತುಂಬ್ತಾರೆ ಅಕ್ಕ. ಸದ್ದು ಅಡಗುತ್ತೆ. ರಿಪೇರಿ ಆಗಲ್ಲ. ಅದು ಮುರಿದಿದ್ದು ನಿಮ್ಮ ರಿವರ್ಸಿಂದ ಅಲ್ಲ. ಅದು ಎಲ್ಲಿ ಮುರೀಲಿ ಅಂತ ಜಾಗ ಹುಡುಕ್ತಿತ್ತು, ಅಷ್ಟೇ. ನೀವೇ ತುಂಬಿಸಿರಬೇಕು ಅಂದ್ಕೊಂಡೆ. ಆಗಲೇ ಅಳ್ತಿದ್ರಿ, ಅದನ್ನೂ ಯಾಕೆ ಹೇಳೋದು ಅಂತ ಸುಮ್ಮನಾದೆ.

ಹೆಂಡತಿ: ರೀ.

ಗಂಡ: ಆಗ ಕೆಲಸದ ಒತ್ತಡ ಇತ್ತು...

ಹೆಂಡತಿ: ರೀ!

ಗಂಡ: ಒಂದು ತಿಂಗಳಿಂದ ಸದ್ದು ಬರ್ತಿತ್ತು. ಕಂಪನಿ ಗಾಡಿ, ಒಂದು ಸ್ಕ್ರೂ ಬದಲಾಗಿಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡಿದ್ದೆ. ರಿಪೇರಿಗೆ ಬಿಟ್ರೆ ಮಾನ ಹೋಗುತ್ತೆ ಅಂತ...

ಹೆಂಡತಿ: ಮೂರು ವರ್ಷ ಆಸ್ಪತ್ರೆ ಗೇಟು ನೋಡಿದಾಗಲೆಲ್ಲ ನನ್ನ ಎದೆ ಧಸಕ್ ಅಂತಿತ್ತು. ನಿಮ್ಮ ಹೊಟ್ಟಿನ ಪಾಪಕ್ಕೆ!

ಗಂಡ: ಅದಕ್ಕೇ ಮುಚ್ಚಳ ಬಿಚ್ಚೋದು ಬೇಡ ಅಂದೆ.

ಹೆಂಡತಿ: ನಾನೂ ಅದಕ್ಕೇ ಅಂದೆ!

ಅಂಗಡಿಯವರು: ಅಂತೂ ಇನ್ನೊಂದು ಸಲ ಒಂದೇ ಮಾತು. ನಾನು ಹೊರಟೆ, ಹತ್ತರ ಬೇರಿಂಗ್ ಬೆಳಿಗ್ಗೆಯಿಂದ ಕಟ್ಟಿಟ್ಟಿದೆ.

ಗಂಡ: ಬೆಳಿಗ್ಗೆಯಿಂದಾ? ಮತ್ತೆ ನಮ್ಮನ್ನ ಯಾಕೆ ಕುಣಿಸಿದ್ರಿ?

ಅಂಗಡಿಯವರು: ಆಣೆ ಮಾಡಿದ್ದೆನಲ್ಲ. ನೀವಾಗೇ ಕಂಡುಹಿಡೀಬೇಕಿತ್ತು.

ಬೇರಿಂಗ್ ಬಂತು. ಅಂಗಡಿಯವರು ಚಕ್ರದ ಕಡೆಯಿಂದಲೇ ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರು. ಒಣಗಿದ ಚಾದರಗಳನ್ನು ಗಂಡ ಹೆಂಡತಿ ಎರಡು ತುದಿ ಹಿಡಿದು ಮಡಚಿ ವ್ಯಾನಿಗೆ ತುಂಬಿದರು. ಮೂರೂವರೆ ಆಗಿತ್ತು. ಅವನು ಓಡಿಸುವ ಸೀಟಿನ ಬಾಗಿಲಿಗೆ ಕೈ ಹಾಕಿದ. ಅವಳು ಆಗಲೇ ಒಳಗೆ ಕೂತಿದ್ದಳು.

ಹೆಂಡತಿ: ನೀವು ಹಿಂದೆ, ಚಾದರದ ಪಕ್ಕ. ಸದ್ದು ಬಂದ್ರೆ ಹೊಟ್ಟು ಹುಡುಕಬೇಡಿ. ಬಾಯಿ ಬಿಟ್ಟು ಹೇಳಿ.

ವ್ಯಾನು ಗೇಟು ದಾಟಿ ಬೀದಿಗಿಳಿಯಿತು. ಐವತ್ತು ಗಜ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು.

ಗಂಡ: ಸದ್ದು! ಸದ್ದು ಬರ್ತಿದೆ ಕಣೇ! ಹೇಳ್ತಿದ್ದೀನಿ ನೋಡು, ಬಾಯಿ ಬಿಟ್ಟೇ ಹೇಳ್ತಿದ್ದೀನಿ! ಕೆಳಗಡೆ ಟಕಟಕಟಕ ಅಂತಿದೆ!

ಅವಳು ನಿಲ್ಲಿಸಲಿಲ್ಲ. ಗೇರು ಬದಲಾಯಿಸಿದಳು.

ಹೆಂಡತಿ: ಅದು ಶಾಫ್ಟಿಗೆ ಸಿಕ್ಕಿಸಿದ್ದ ಕ್ಲಿಪ್ಪು, ಬಿಚ್ಚೋಕೆ ಮರೆತಿದ್ದೀವಿ. ಬೆಳಿಗ್ಗೆಯಿಂದ ನಿಮ್ಮ ಹನ್ನೊಂದರ ಲೆಕ್ಕಕ್ಕೆ ಒಂದು ಕಮ್ಮಿ ಬರ್ತಿತ್ತಲ್ಲ, ಇದೇ ಅದು.