ಎಡಗೈಯ ನಾಯಕರು

ಮದುವೆಯಾದ ಹೊಸತರಲ್ಲಿ ಗಂಡಸರು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುವ ಬಡಾಯಿಗಳಿಗೆ ಆಯುಸ್ಸು ಜಾಸ್ತಿ. ಹೇಳಿದವನು ಮರೆತರೂ ಕೇಳಿದವಳು ಮರೆಯುವುದಿಲ್ಲ. ನಾನು ಕೊಚ್ಚಿಕೊಂಡದ್ದು ಒಂದೇ ಒಂದು: ಕಣಕಟ್ಟೆಯ ಟೆಂಟ್ ಸಿನಿಮಾದಲ್ಲಿ ನಾನು ಯಾವತ್ತೂ ನೆಲದ ಮೇಲೆ ಕೂತವನಲ್ಲ, ತೋಟದ ಮನೆಯವರ ಹುಡುಗನೆಂದು ನನಗೆ ಕುರ್ಚಿ ಮೀಸಲಿತ್ತು ಎಂದು. ಗಿರಿಜಾ ಅದನ್ನು ನಂಬಿದ್ದಲ್ಲದೆ ತವರಿನಲ್ಲೆಲ್ಲ ಹೇಳಿಕೊಂಡು ಬಂದಳು.

ಅರಸೀಕೆರೆಯಲ್ಲಿ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಕುಂಚ ಹಿಡಿದೆ. ಈ ಸೀಮೆಯವನು ಚಿತ್ರ ಬರೆದರೆ ಬೇಲೂರಿನ ಶಿಲಾಬಾಲಿಕೆಯನ್ನೇ ಬರೆಯಬೇಕೆಂದು ಎಲ್ಲರ ನಿರೀಕ್ಷೆ. ನಾನು ಬರೆದದ್ದು ಟೆಂಟಿನಲ್ಲಿ ಕಂಡ ಸಿನಿಮಾಗಳನ್ನು. ಫೋಟೊ ನೋಡದೆ, ಬರೀ ನೆನಪಿನಿಂದ ಹನ್ನೊಂದು ಚಿತ್ರ! ಹಳೇಬೀಡಿನ ಶಿಲ್ಪಿಗಳು ವಿಗ್ರಹದ ಕೆಳಗೆ ಹೆಸರು ಕೆತ್ತಿಕೊಂಡಂತೆ ನಾನೂ ದೊಡ್ಡದಾಗಿ ರುಜು ಹಾಕಿದೆ.

ತಕರಾರು ತೆಗೆದವಳು ಗಿರಿಜಾ. "ಅಲ್ರೀ, ನಿಮ್ಮ ಹೀರೋ ಎಡಗೈಲಿ ಮುದ್ದೆ ಮುರೀತಿದಾನೆ. ಇವಳು ನೋಡಿ, ಸೆರಗು ಬಲಗಡೆಗೆ ಹಾಕ್ಕೊಂಡಿದಾಳೆ. ರಾಜಕುಮಾರನ ಕತ್ತೀನೂ ಎಡಗೈಲೇ!"

"ನೀನು ಕಂಡಿದ್ಯಾ? ನಾನು ಕುರ್ಚೀಲಿ ಕೂತು ಕಣ್ಣಾರೆ ಕಂಡಿದೀನಿ" ಎಂದು ಗದರಿದೆ. ಕುರ್ಚಿಯ ಮಾತು ಬಿಡಿ, ಆ ಕೈಗಳು ನಿಜವಾಗಿಯೂ ನನಗೆ ನೆನಪಿದ್ದದ್ದು ಹಾಗೆಯೇ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ತನ್ನದು ಕಾಣುವುದುಂಟೇ?

ಸಮುದಾಯ ಭವನದಲ್ಲಿ ಪ್ರದರ್ಶನ ಇಟ್ಟೆವು. ಬಂದವರೆಲ್ಲ "ಚೆನ್ನಾಗಿದೆ ಸಾರ್" ಎಂದು ಕಾಫಿ ಕುಡಿದು ಹೋದರು. ಮಧ್ಯಾಹ್ನದ ಹೊತ್ತಿಗೆ ನನ್ನ ಬಾಲ್ಯದ ಗೆಳೆಯ ರಂಗಪ್ಪ ಕಣಕಟ್ಟೆ ಬಸ್ಸಿಳಿದು ನೇರ ಬಂದ. ಮುದ್ದೆಯ ಚಿತ್ರದ ಮುಂದೆ ನಿಂತ. ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಏನ್ಲಾ ಮಲ್ಲಣ್ಣ, ಎಲ್ಲಾ ಎಡಗೈ! ಪರದೆ ಹಿಂದ್ಗಡೆ ಕುಂತು ನೋಡಿದ್ದು ಹೆಂಗಿತ್ತೋ ಹಂಗೇ ಐತಲ್ಲೋ!"

ಫ್ಲಾಸ್ಕ್ ಹಿಡಿದ ಗಿರಿಜಾ ಪಕ್ಕದಲ್ಲೇ ಇದ್ದಳು. "ಹಿಂದ್ಗಡೆನಾ? ಇವರಿಗೆ ಕುರ್ಚಿ ಹಾಕ್ತಿದ್ರಂತಲ್ಲ, ರಂಗಪ್ಪನೋರೇ?"

"ಕುರ್ಚಿನಾ? ಇವ್ರಪ್ಪಂಗೆ ಸಿನಿಮಾ ಅಂದ್ರೆ ಆಗ್ತಿರ್ಲಿಲ್ಲ ಕಣಮ್ಮ. ಟೆಂಟಿನ ಬಟ್ಟೆ ಎತ್ತಿ ನುಗ್ತಿದ್ವಿ. ಕೂರಕ್ಕೆ ಕಲ್ಲು ಸಿಕ್ರೆ ಅದೇ ಪುಣ್ಯ!"

ಆಗ ಹೊಳೆಯಿತು. ತೆಳು ಬಟ್ಟೆಯ ಪರದೆಯನ್ನು ಹಿಂದಿನಿಂದ ನೋಡಿದರೆ ಬಲ ಎಡವಾಗುತ್ತದೆ. ನನ್ನ ಸುಳ್ಳಿನ ಸಾಕ್ಷಿಗೆ ನಾನೇ ಬಣ್ಣ ಹಚ್ಚಿ, ಕಟ್ಟು ಹಾಕಿಸಿ, ರುಜು ಮಾಡಿ ಗೋಡೆಗೆ ನೇತುಹಾಕಿದ್ದೆ. ನಾಚಿಕೆಯಾಗಬೇಕಿತ್ತು. ಆದರೆ ನನಗಾದದ್ದು ಹೆಮ್ಮೆ! ಇಷ್ಟು ವರ್ಷವಾದರೂ ಒಂದು ಕೈಯನ್ನೂ ಮರೆತಿಲ್ಲವಲ್ಲ! ಅಲ್ಲೇ ಕುಂಚ ತೆಗೆದು ಪ್ರತಿಯೊಂದು ರುಜುವಿನ ಕೆಳಗೂ "ಪರದೆಯ ಹಿಂದೆ ಕೂತು ಕಂಡದ್ದು" ಎಂದು ಬರೆದೆ. ರಂಗಪ್ಪ ಹೋಗಿ ಸುದ್ದಿ ಹಬ್ಬಿಸಿದ. ಸಂಜೆಯ ಬಸ್ಸಿಗೆ ಬಾಣಾವರದ ಕಡೆಯಿಂದಲೂ ಹಾಗೆ ಪರದೆಯ ಹಿಂದೆ ಕೂತು ನೋಡಿದವರು ಬಂದರು. ಒಬ್ಬರೂ ತಪ್ಪು ಹುಡುಕಲಿಲ್ಲ.

ಈಗ ಗಿರಿಜಾಳ ಅಪ್ಪಣೆಯಂತೆ ಹನ್ನೆರಡನೆಯ ಚಿತ್ರ ಬರೆಯುತ್ತಿದ್ದೇನೆ. ಅದೇ ಟೆಂಟು, ಅದರಲ್ಲಿ ನನಗೆ ಮೀಸಲಾಗಿದ್ದ ಆ ಕುರ್ಚಿ. ತಿಂಗಳಾಯಿತು, ನಾಲ್ಕು ಸಲ ಅಳಿಸಿದೆ. ಎಷ್ಟು ಬರೆದರೂ ಕುರ್ಚಿ ಮಾತ್ರ ಸರಿಯಾಗಿ ಬರುತ್ತಿಲ್ಲ. ಕಂಡಿದ್ದರೆ ತಾನೇ?